ಹೋದವರನ್ನು ತಿರುಗಿ ತರುವ ಗಾಳಿ

ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ರಾತ್ರಿಯ ದೀಪಗಳು ಇನ್ನೂ ಆರಿಲ್ಲ. ಮುದ್ದೇಬಿಹಾಳಕ್ಕೆ ಹೊರಡುವ ಬಸ್ಸಿನ ಹಿಂದಿನ ಏಣಿ ಹತ್ತಿ ನಿಂತಿದ್ದಾರೆ ಕಂಡಕ್ಟರ್ ಸುವರ್ಣಾ. ಕೆಳಗಿನಿಂದ ಡ್ರೈವರ್ ಸಿದ್ಧರಾಮ ಒಂದು ಉದ್ದನೆಯ ಗಂಟನ್ನು ಎತ್ತಿ ಕೊಡುತ್ತಿದ್ದಾರೆ. ಆಳಿಗಿಂತ ಉದ್ದ, ಹಳೆಯ ಕೌದಿ ಸುತ್ತಿ ಹಗ್ಗ ಬಿಗಿದದ್ದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸುವರ್ಣಾ ಅದನ್ನು ಟಾಪಿಗೆ ಎಳೆದುಕೊಳ್ಳುತ್ತಾರೆ.

ಮಗಳ ಊರಿಗೆ ಹೊರಟ ಮುದುಕಿ ತಿಪ್ಪವ್ವ ದೂರ ಸರಿದು ನಿಂತು ಕೈ ಮುಗಿಯುತ್ತಾಳೆ. “ಯಾರ್ ತೀರ್ಕೊಂಡ್ರವ್ವಾ, ಪಾಪ?”

“ಯಾರೂ ತೀರ್ಕೊಂಡಿಲ್ಲ ಆಯಿ. ಇದು ಹಲಗಿ.”

“ಹಲಗಿಗೆ ಯಾಕ ಕೌದಿ ಹೊಚ್ಚೀರಿ? ಅದಕ್ಕೂ ಥಂಡಿ ಬರ್ತೈತೇನು?”

ಬಸ್ಸೆಲ್ಲ ನಗುತ್ತದೆ. ಹಲಗೆಯ ಒಡತಿ ಪ್ರಿಯದರ್ಶಿನಿ ಕೂಡ ನಗುತ್ತಾಳೆ. ಆದರೆ ಇವತ್ತು ಆ ನಗೆಯಲ್ಲಿ ಜೀವವಿಲ್ಲ.

ವಿಜಯಪುರದ ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವ ಈ ಹುಡುಗಿ ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಶಿಬಿರಕ್ಕೆಂದು ಕಾರವಾರಕ್ಕೆ ಹೋದಳು. ಅಲ್ಲಿ ವಿಂಡ್‌ಸರ್ಫಿಂಗ್ ಕಲಿತು ಬಂದಳು. ಹಲಗೆಯ ಮೇಲೊಂದು ಕಂಬ, ಕಂಬಕ್ಕೊಂದು ಹಾಯಿ. ಹಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರೆ ಗಾಳಿಯೇ ನೀರ ಮೇಲೆ ಓಡಿಸುತ್ತದೆ. ಈ ದಾರಿಯ ಮಂದಿ ಅದಕ್ಕೆ ‘ಪಟದ ಹಲಗಿ’ ಎಂದು ಹೆಸರಿಟ್ಟಿದ್ದಾರೆ. ಆಗಸ್ಟ್‌ನಲ್ಲಿ ರಾಜ್ಯ ತಂಡದ ಆಯ್ಕೆ ಇದೆ. ಅಷ್ಟರೊಳಗೆ ಕೈ ಪಳಗಬೇಕು.

ಕೃಷ್ಣೆಯ ಹಿನ್ನೀರು ಇಲ್ಲಿ ಕಣ್ಣು ಮುಟ್ಟುವವರೆಗೂ ಹರಡಿದೆ, ನಿಜ. ಆದರೆ ಗಾಡಿ ಇಲ್ಲದವರ ಪಾಡೇ ಬೇರೆ. ಬಸ್ಸಿದ್ದಲ್ಲಿ ನೀರಿಲ್ಲ, ನೀರಿದ್ದಲ್ಲಿ ಬಸ್ಸಿಲ್ಲ. ಎರಡೂ ಇದ್ದಲ್ಲಿ ಗುಡ್ಡ ಅಡ್ಡ ನಿಂತು ಗಾಳಿಯನ್ನು ನುಂಗುತ್ತದೆ. ಮೂರೂ ಕೂಡುವ ಜಾಗ ಹುಡುಕಿಕೊಡುವ ಕೆಲಸವನ್ನು ಸುವರ್ಣಾ ತಾವಾಗಿಯೇ ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಪ್ರಿಯದರ್ಶಿನಿಯಿಂದ ಸುದ್ದಿ ತಿಳಿದು ಇದೇ ಹಲಗೆಯ ಹುಚ್ಚಿನ ಸೊಲ್ಲಾಪುರದ ಇಬ್ಬರು ಹುಡುಗರೂ ಈಗ ಫೋನು ಮಾಡುತ್ತಾರೆ: “ಅಕ್ಕಾ, ಈ ವಾರ ಎಲ್ಲಿ ಇಳೀಬೇಕು?”

ಕೇಳಿಸಿಕೊಳ್ಳುವ ಅಕ್ಕನಿಗೆ ಈಜು ಬಾರದು. ಹುಟ್ಟಿದ್ದು ದೇವರ ಹಿಪ್ಪರಗಿಯ ಕಡೆಯ ಒಣಭೂಮಿಯಲ್ಲಿ. ಜೋಳ, ತೊಗರಿ ಬಿಟ್ಟರೆ ಬೇರೆ ಲೋಕವಿಲ್ಲ. “ನೌಕರಿಗೆ ಬರೂತನಕ ಬಾವಿ ಬಿಟ್ರ ದೊಡ್ಡ ನೀರ ನೋಡಿರಲಿಲ್ರಿ. ಮೊದಲ ದಿವಸ ಹಿನ್ನೀರ ನೋಡಿ ಟಿಕೆಟ್ ಕೊಡೂದ ಮರ್ತು ನಿಂತಿದ್ನಿ,” ಎನ್ನುತ್ತಾರೆ. ಮದುವೆಯಾಗಿ, ಎರಡು ಮಕ್ಕಳಾದ ಮೇಲೆ, ಹೊಲದ ಕೆಲಸದ ನಡುವೆ ಓದಿ ಪಿಯುಸಿ ಪಾಸಾದವರು. ನೌಕರಿಗೆ ಸೇರಿದ ಹೊಸದರಲ್ಲಿ ಸೀಟು ಬಿಡದ ಗಂಡಸರು, ಬಾಗಿಲಲ್ಲಿ ಜೋತುಬಿದ್ದ ಕಾಲೇಜು ಹುಡುಗರು, ಸೊಂಟ ಮುರಿಯುವ ತಗ್ಗುದಿನ್ನೆ, ಎಲ್ಲವೂ ಆಕೆಯನ್ನು ಅಳಿಸಿವೆ. “ಈಗ ನಾನ ಅಳಸ್ತೇನಿ,” ಎಂದು ಸೀಟಿ ತೋರಿಸುತ್ತಾರೆ. ದಿನಕ್ಕೆ ಹೋಗಿ ಬರುವುದು ಎರಡು ಸಲ. ಊಟ ಬಸ್ಸಿನಲ್ಲೇ.

ನೀರು ಗೊತ್ತಿಲ್ಲದಿದ್ದರೂ ಗಾಳಿ ಗೊತ್ತು. ಚಿಕ್ಕಂದಿನಿಂದ ಕಣದಲ್ಲಿ ಎತ್ತರದ ಮಣೆಯ ಮೇಲೆ ನಿಂತು ಜೋಳ ತೂರಿದ ಕೈ ಅದು. ಹಾಗಾಗಿ ಪ್ರಿಯದರ್ಶಿನಿ ಮೊದಲ ಸಲ ಕೇಳಿದಾಗ, ಸುವರ್ಣಾ ಬಸ್ಸಿನ ಕಿಟಕಿಯಿಂದ ಹಳೆಯ ಕಣಗಳಿದ್ದ ದಿನ್ನೆಗಳನ್ನೇ ಹುಡುಕಿದರು. ಹಿರಿಯರು ಕಣ ಮಾಡಿದ್ದಾರೆಂದರೆ ಅಲ್ಲಿ ಗಾಳಿ ಮೋಸ ಮಾಡುವುದಿಲ್ಲ ಎಂಬ ಲೆಕ್ಕ. ಸಿಕ್ಕೇಬಿಟ್ಟಿತು ಒಂದು ದಿನ್ನೆ. ಹಿಂದಿನಿಂದ ಭರ್ರೋ ಎಂದು ಗಾಳಿ, ಮುಂದೆ ನೀರು. ಈ ಮುಂಗಾರಿನ ಮೊದಲ ಭಾನುವಾರ ಹುಡುಗಿಯನ್ನು ಅಲ್ಲೇ ಇಳಿಸಿದರು.

ಹುಡುಗಿ ಹಾಯಿ ಎತ್ತಿದ್ದೇ ತಡ, ಗಾಳಿ ಅವಳನ್ನು ದಂಡೆಯಿಂದ ನಡುನೀರಿಗೆ ಒಯ್ದಿತು. ತಿರುಗಲು ನೋಡಿದಳು, ಬಿದ್ದಳು, ಎದ್ದಳು, ಮತ್ತಷ್ಟು ದೂರ ಹೋದಳು. ಮಧ್ಯಾಹ್ನ ಮೀನುಗಾರ ಮಹಮ್ಮದಹನೀಫ ಆಚೆ ದಂಡೆಯ ಜಾಲಿಕಂಟಿಯಲ್ಲಿ ಸಿಕ್ಕಿಕೊಂಡ ಅವಳನ್ನು ಹರಗೋಲಿನಲ್ಲಿ ಕೂರಿಸಿಕೊಂಡು ತಂದರು. ತುಟಿ ನೀಲಿಗಟ್ಟಿತ್ತು.

ಅಂದು ಹನೀಫ ಆಡಿದ ಮಾತು ಸುವರ್ಣಾ ಅವರಿಗೆ ಇಂದಿಗೂ ಚುಚ್ಚುತ್ತದೆ. “ಏನಕ್ಕಾ, ಜ್ವಾಳಾ ತೂರಿದಂಗ ಹುಡುಗೀನ ತೂರಿಬಿಟ್ಟೆಲ್ಲ! ಹೊಟ್ಟು ಹೋದ್ರ ಹೋಗ್ಲಿ ಅಂತೀವಿ. ಮನಷ್ಯಾ ಹೋದ್ರ?”

ತಪ್ಪು ಅಲ್ಲಿಯೇ ಇತ್ತು. ಕಣಕ್ಕೆ ಬೇಕಾದದ್ದು ಹೊಟ್ಟನ್ನು ದೂರ ಒಯ್ಯುವ ಗಾಳಿ. ನೀರಿಗಿಳಿದವರಿಗೆ ಬೇಕಾದದ್ದು ದಂಡೆಗೆ ತಿರುಗಿ ತರುವ ಗಾಳಿ.

ಪ್ರಿಯದರ್ಶಿನಿಯ ತಾಯಿ ಇಂದ್ರಾಬಾಯಿ ಬಾಗೇವಾಡಿಯ ನಿಲ್ದಾಣಕ್ಕೇ ಬಂದು ಎಲ್ಲರೆದುರು ಬೈದರು. ಸುವರ್ಣಾ ತಲೆ ತಗ್ಗಿಸಿ ಕೇಳಿದರು. ಅಂದಿನಿಂದ ಆ ತಾಯಿ ಇವರೊಂದಿಗೆ ಮಾತು ಬಿಟ್ಟರು. ಮಗಳು ಅತ್ತು ಕರೆದು ಬೇಡಿಕೊಂಡಾಗ ಒಂದೇ ಮಾತು: “ಇನ್ನೊಂದ ಸಲ ನೋಡ್ತೇನಿ. ಹಂಗ ಆತಂದ್ರ ಹಲಗಿ ಒಲಿಗೆ.”

ಬೇರೆಯವರಾಗಿದ್ದರೆ ಕೈ ತೊಳೆದುಕೊಳ್ಳುತ್ತಿದ್ದರು. ಸುವರ್ಣಾ ವಾರದ ರಜೆಯ ದಿನವೂ ಬಸ್ಸು ಹತ್ತಿದರು, ಈ ಸಲ ಪ್ರಯಾಣಿಕಳಾಗಿ. ಕಂಕುಳಲ್ಲಿ ಒಣಗಿದ ಜೋಳದ ದಂಟಿನ ಕಟ್ಟು. ನೀರು ಹತ್ತಿರವಾದಲ್ಲೆಲ್ಲ ಇಳಿದು, ದಂಟನ್ನು ಮುರಿದು ನೀರಿಗೆ ಒಗೆದು, ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರು. ಒಳಗೆ ಹೋದರೆ ಆ ಜಾಗ ಬೇಡ. ಓರೆಯಾಗಿ ತೇಲಿ ದಂಡೆಗೆ ಹತ್ತಿದರೆ ಮತ್ತೊಂದು ದಿನ ಬಂದು ಮತ್ತೆ ನೋಡುವುದು. ಕುರಿ ಕಾಯುವವರು ಕೇಳಿದರಂತೆ, “ಏನ್ ಕಳ್ಕೊಂಡೀಯವ್ವಾ?” “ಮಾನ ಕಳ್ಕೊಂಡೇನಿ, ಹುಡುಕಾಕತ್ತೇನಿ,” ಎಂದರಂತೆ ಸುವರ್ಣಾ.

ಕೊನೆಗೆ ಸಿಕ್ಕಿದ್ದು ಒಂದು ಹಳೆಯ ಡಾಂಬರು ರಸ್ತೆ. ಹಿನ್ನೀರಿನಲ್ಲಿ ಮುಳುಗಿದ ಊರಿಗೆ ಅಣೆಕಟ್ಟಿಗೂ ಮೊದಲು ಹೋಗುತ್ತಿದ್ದ ದಾರಿ ಅದು. ಈಗ ಸೀದಾ ನೀರಿನೊಳಗೆ ಇಳಿದು ಕಾಣೆಯಾಗುತ್ತದೆ. ಕಾಲಿಗೆ ಕೆಸರಿಲ್ಲ, ಮುಳ್ಳಿಲ್ಲ. ಬಸ್ಸಿನ ದಾರಿಯಿಂದ ಕೂಗಳತೆ. ಇಲ್ಲಿ ಮುಂಗಾರಿನ ಗಾಳಿ ಓರೆಯಾಗಿ ದಂಡೆಯನ್ನು ಸವರಿಕೊಂಡು ಬೀಸುತ್ತದೆ, ನೀರಿಗೆ ಹೋದದ್ದನ್ನು ಮತ್ತೆ ದಂಡೆಗೇ ತಂದುಬಿಡುತ್ತದೆ.

ಇವತ್ತು ಆ ಜಾಗದ ಪರೀಕ್ಷೆ. ಬಸ್ಸು ನಿಲ್ಲುತ್ತದೆ. ಹಲಗೆ ಇಳಿಯುತ್ತದೆ. ಹರಗೋಲಿನೊಂದಿಗೆ ಕಾದು ನಿಂತ ಹನೀಫ, “ಈ ಸಲ ರಾಶಿ ಎಲ್ಲಿ ಮಾಡ್ತಿ ಅಕ್ಕಾ?” ಎಂದು ಚುಡಾಯಿಸುತ್ತಾರೆ. ಸುವರ್ಣಾ ನಗುವುದಿಲ್ಲ. ಹುಡುಗಿಯ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ತಾವೇ ಬಿಗಿದು, “ದಂಡಿ ಬಿಟ್ಟ ದೂರ ಹೋಗಬ್ಯಾಡ,” ಎಂದಷ್ಟೇ ಹೇಳಿ ಬಸ್ಸು ಹತ್ತುತ್ತಾರೆ. ಡ್ಯೂಟಿ ಮೇಲಿದ್ದವರು ನಿಂತು ನೋಡುವಂತಿಲ್ಲ.

ಮುದ್ದೇಬಿಹಾಳ ಮುಟ್ಟುವವರೆಗೂ ಆಕೆಯ ಕಣ್ಣು ಹೊಲದಂಚಿನ ಬೇವಿನ ಗಿಡಗಳ ಮೇಲೆಯೇ ಇದೆ. ಗಾಳಿ ದಿಕ್ಕು ಬದಲಿಸೀತೇನೋ ಎಂದು. ಅಲ್ಲಿನ ನಿಲ್ದಾಣದಲ್ಲಿ ತೆಗೆದುಕೊಂಡ ಚಹಾ ತಣ್ಣಗಾಗುತ್ತದೆ. ತಿರುಗಿ ಬರುವಾಗ ಬಸ್ಸು ಹಿನ್ನೀರಿನ ತಿರುವಿಗೆ ಬರುತ್ತಿದ್ದಂತೆ ಸುವರ್ಣಾ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನೀರ ಮೇಲೆ ಹಾಯಿ ಇಲ್ಲ. ಎಲ್ಲಿಯೂ ಇಲ್ಲ.

“ಸಿದ್ಧರಾಮಣ್ಣ, ಜೋರ್ ಬಿಡ್ರಿ,” ಎಂದು ಬಾಗಿಲ ಕಂಬಿ ಹಿಡಿದು ಹೊರಗೆ ಬಾಗುತ್ತಾರೆ.

ಹಳೆಯ ರಸ್ತೆ ಕಾಣುತ್ತದೆ. ಅದು ನೀರಿಗಿಳಿಯುವ ಜಾಗದಲ್ಲೇ ಹಾಯಿಯನ್ನು ನೆಲಕ್ಕೆ ಮಲಗಿಸಿ, ಹನೀಫನ ಬುತ್ತಿಯ ರೊಟ್ಟಿ ತಿನ್ನುತ್ತ ಕೂತಿದ್ದಾಳೆ ಪ್ರಿಯದರ್ಶಿನಿ. ಬಸ್ಸು ಕಂಡದ್ದೇ ರೊಟ್ಟಿ ಹಿಡಿದ ಕೈಯನ್ನೇ ಎತ್ತುತ್ತಾಳೆ. “ಅಕ್ಕಾ! ಎಷ್ಟ ಸಲ ಹೋದ್ರೂ ಇಲ್ಲಿಗೇ ಬರಾಕತ್ತೇನಿ!”

ಕಿಟಕಿಗಳಿಂದ ತಲೆಗಳು ಹೊರಬರುತ್ತವೆ. “ಹೊತ್ತಾತು, ಬಸ್ ಬಿಡ್ರಿ,” ಎಂದು ಒಬ್ಬ ಗೊಣಗುತ್ತಾನೆ. “ಸುಮ್ನ ಕುಂದರೋ, ನಿನ್ನ ಮದಿವ್ಯೇನೂ ತಪ್ಪಂಗಿಲ್ಲ,” ಎಂದು ಹಿಂದಿನ ಸೀಟಿನ ಹೆಂಗಸು ಅವನ ಬಾಯಿ ಮುಚ್ಚಿಸುತ್ತಾಳೆ. ಹುಡುಗಿ ಮತ್ತೆ ಹಾಯಿ ಎತ್ತಿ ನೀರಿಗಿಳಿಯುತ್ತಾಳೆ.

ಅಷ್ಟರಲ್ಲಿ ಸುವರ್ಣಾ ಅವರ ಫೋನು ಗುಂಯ್‌ಗುಡುತ್ತದೆ. ಹೆಸರು ನೋಡಿ ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿಯುತ್ತಾರೆ. ಇಂದ್ರಾಬಾಯಿ.

“ಹೌದ್ರಿ ಅವ್ವಾರ… ಇಲ್ಲೇ ಅದಾಳ್ರಿ, ನನ್ನ ಕಣ್ಣ ಮುಂದ… ಇಲ್ರಿ, ಈಗ ಕರಿಯೂದ ಬ್ಯಾಡ. ಗಾಳಿ ಛಲೋ ಐತಿ. ಸಂಜೀಕ ನಮ್ಮ ಬಸ್ಸಿಗೇ ಹತ್ತಿಸ್ಕೊಂಡ ಬರ್ತೇನಿ.”

ಆ ಕಡೆಯಿಂದ ಏನೋ ಮಾತು. ಸುವರ್ಣಾ “ಹೂಂ” ಎನ್ನುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಸೀಟಿ ಊದುತ್ತಾರೆ.

ಬಸ್ಸು ಹೊರಟ ಮೇಲೆ, ನಿಮಗೇನು ಆಸೆ ಎಂದು ಕೇಳಿದರೆ ಟಿಕೆಟ್ ಕೊಡುತ್ತಲೇ ಉತ್ತರಿಸುತ್ತಾರೆ. “ಈ ಜಾಗಾಕ್ಕ ಒಂದು ಸ್ಟಾಪ್ ಆಗ್ಬೇಕ್ರಿ. ನಾ ಇಲ್ಲದ ದಿವಸಾನೂ ಬಸ್ ನಿಲ್ಲಬೇಕು.” ಮತ್ತೆ ಕಿಟಕಿಯ ಕಡೆ ತಿರುಗಿ, ಯಾರಿಗೂ ಅಲ್ಲವೆಂಬಂತೆ ಹೇಳುತ್ತಾರೆ: “ಮಗಳು ನೀರಿನ್ಯಾಗ ಇದ್ಲು. ಮಾತ ಬಿಟ್ಟಿದ್ದ ತಾಯಿ ನನ್ನ ನಂಬಿ ಕೇಳಿದ್ಲು.”