ಅಕ್ಕನ ಮದುವೆಗೆ ಪನ್ನೀರು ಇಳಿಸಿದ್ದು

ಫೆಬ್ರುವರಿ ಎಂಟು, ಭಾನುವಾರ, ಬೆಳಿಗ್ಗೆ ಆರೂ ನಲವತ್ತಕ್ಕೆ ನಮ್ಮ ಹಿತ್ತಲಿನ ಒಲೆಯ ಮೇಲೆ ತಾಮ್ರದ ಕೊಡ ಏರಿತು. ಕೊಡದಲ್ಲಿ ನೀರು ಮತ್ತು ಗುಲಾಬಿಯ ಪಕಳೆಗಳು. ಬಾಯಿಗೆ ತೂತು ಕೊರೆದ ಸ್ಟೀಲಿನ ಮುಚ್ಚಳ, ತೂತಿನಿಂದ ಹೊರಟ ತಾಮ್ರದ ಕೊಳವೆ. ಆ ಕೊಳವೆ ಸುರುಳಿಯಾಗಿ ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿ, ಬಕೆಟ್ಟಿನ ತಳದ ಹತ್ತಿರ ಹೊರಗೆ ಬರುತ್ತಿತ್ತು. ಅದರ ತುದಿಗೆ ಒಂದು ಗಾಜಿನ ಬಾಟಲಿ ಹಿಡಿದು ನಾನು ಕುಳಿತಿದ್ದೆ. ಎಂಟು ಗಂಟೆಯವರೆಗೆ ಬಾಟಲಿಗೆ ಬಿದ್ದದ್ದು ಹನ್ನೊಂದು ಹನಿ. ಹನ್ನೊಂದೂ ಹಳೆಯ ಫ್ರಿಜ್ಜಿನ ಎಣ್ಣೆಯ ವಾಸನೆ ಹೊಡೆಯುತ್ತಿದ್ದವು.

ನಾನು ಅಕ್ಕಿಆಲೂರಿನ ಒಂದು ರೈಸ್ ಮಿಲ್ಲಿನ ವೇಬ್ರಿಜ್ಜಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಭತ್ತದ ಲಾರಿಗಳ ತೂಕ ಬರೆದುಕೊಳ್ಳುವುದೇ ಕೆಲಸವಾದ್ದರಿಂದ ಮನೆಯಲ್ಲಿಯೂ ಏನು ಮಾಡಿದರೂ ತಾರೀಖು, ಅಳತೆ ಬರೆದಿಡುವ ಚಟ ಹತ್ತಿದೆ. ಬಟ್ಟಿ ಇಳಿಸುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಅದನ್ನು ಕಲಿಯಲು ಹೊರಟದ್ದು ಅಕ್ಕನ ಉಸಿರಿನ ಸಲುವಾಗಿ.

ಜನವರಿಯಲ್ಲಿ ಅಕ್ಕನ ನಿಶ್ಚಯವಾಯಿತು. ಹುಡುಗ ಹಿರೇಕೆರೂರು ತಾಲ್ಲೂಕಿನ ಮಾಸೂರಿನವನು, ಕೆರೆಯ ಕೆಳಗೆ ಹೊಲವಿದೆ. ನಮ್ಮ ಮಂದಿಯಲ್ಲಿ ಬೀಗರು ಬಾಗಿಲಿಗೆ ಬಂದಾಗ ಗುಲಾಬದಾನಿಯಿಂದ ಪನ್ನೀರು ಚಿಮುಕಿಸಬೇಕು. ಕೊನೆಗೆ ಹುಡುಗ ಹುಡುಗಿಯನ್ನು ಜೋಡಿಯಾಗಿ ನಿಲ್ಲಿಸಿ ಇಬ್ಬರ ತಲೆಯ ಮೇಲೂ ಹಾಕಬೇಕು. ಗುಲಾಬದಾನಿ ಹಿಡಿಯುವುದು ಹುಡುಗಿಯ ತಮ್ಮನ ಕೆಲಸ. ನಾನು ಅಂಗಡಿಯಿಂದ ತಂದ ಬಾಟಲಿಯ ಪನ್ನೀರನ್ನು ಅದರಲ್ಲಿ ತುಂಬಿ ನಗುತ್ತಾ ಚಿಮುಕಿಸಿದೆ. ಎರಡು ನಿಮಿಷದಲ್ಲಿ ಅಕ್ಕನ ಎದೆ ಸಿಳ್ಳೆ ಹಾಕತೊಡಗಿತು. ಸೀರೆಯ ನಿರಿಗೆ ಬಿಚ್ಚಿದೆ ಎಂದು ಹೇಳಿ ಅವ್ವ ಅವಳನ್ನು ಒಳಗೆ ಕರೆದುಕೊಂಡು ಹೋದಳು. ಅಕ್ಕನಿಗೆ ಚಿಕ್ಕಂದಿನಿಂದ ದಮ್ಮು ಇದೆ. ಬೀಗರಿಗೆ ಅದನ್ನು ಹೇಳಿರಲಿಲ್ಲ.

ಹಾನಗಲ್ಲಿನ ಡಾಕ್ಟರು, ಸೆಂಟಿನ ಪದಾರ್ಥಗಳಿಂದ ದೂರ ಇರಬೇಕು, ಬಾಯಿಗೆ ಹಿಡಿದು ಔಷಧಿ ಎಳೆದುಕೊಳ್ಳುವ ಪಂಪು ಸದಾ ಕೈಯಲ್ಲಿರಲಿ ಎಂದರು. ನಿಜವಾದ ಗುಲಾಬಿ ಹೂವನ್ನು ಮುಡಿದರೆ ಏನಾದರೂ ಆಗುತ್ತದೆಯೇ ಎಂದು ಕೇಳಿದರು. ಅದರಿಂದ ಅಕ್ಕನಿಗೆ ಎಂದೂ ಏನೂ ಆಗಿಲ್ಲ. ಈ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು.

“ಮೇ ತಿಂಗಳಾಗ ಮದಿವಿ ದಿನಾ ಬರೇ ನೀರು ತುಂಬಸಿಬಿಡು,” ಎಂದಳು ಅಕ್ಕ.

“ತುಂಬಸ್ತಾನ,” ಎಂದಳು ಅವ್ವ. “ಹುಡುಗಿ ಕಡೆಯಾವ್ರು ನಳದ ನೀರು ಹೊಡದು ಕಳಿಸಿದ್ರು ಅಂತ ಮಾಸೂರಾಗ ಮೊಮ್ಮಕ್ಕಳ ಕಾಲಕ್ಕೂ ಹೇಳ್ತಾರ.”

ಸವಣೂರಿನಲ್ಲಿ ಅತ್ತರು ಮಾರುವ ಒಬ್ಬ ಹಿರಿಯರ ಅಂಗಡಿ ಇದೆ. ಹೂವಿನಿಂದಲೇ ಮಾಡಿದ ಪನ್ನೀರು ಬೇಕು ಎಂದು ಕೇಳಿದೆ. ಅವರು ಒಂದು ಬಾಟಲಿಯನ್ನು ಮುಂದಿಟ್ಟು ಮತ್ತೆ ತಾವೇ ಹಿಂದಕ್ಕೆ ಸರಿಸಿದರು.

“ಇದು ಎಸೆನ್ಸಿಂದು ಬೇಟಾ. ಹೂವಿಂದ ಅಂತ ಹೇಳಿ ಬರೂದೂ ಐತಿ. ಆದ್ರ ಅದು ಹೂವಿಂದ ಹೌದು ಅಂತ ನಾ ಆಣಿ ಮಾಡಂಗಿಲ್ಲ. ನಾ ಮಾರಾಂವ, ಮಾಡಾಂವ ಅಲ್ಲ.”

ಊರ ಹೊರಗಿನ ಎಲೆತೋಟವೊಂದರ ಬದುವಿನಲ್ಲಿ ಜವಾರಿ ಗುಲಾಬಿ ಬೆಳೆಸುತ್ತಾರೆಂದು ಅವರೇ ದಾರಿ ಹೇಳಿದರು. ಆ ದಿನವೇ ಎರಡು ಕಿಲೋ ಹೂವಿಗೆ ಹೇಳಿ ಬಂದೆ. ಮನೆಯಲ್ಲಿ ಇಳಿಸುವುದೆಂದು ಬಸ್ಸಿನಲ್ಲಿಯೇ ನಿರ್ಧಾರವಾಗಿತ್ತು. ಫೋನಿನಲ್ಲಿ ಅದರ ಎರಡು ವಿಡಿಯೊ ನೋಡಿದ್ದೆ.

ತಾಮ್ರದ ಕೊಳವೆ ಸಿಕ್ಕಿದ್ದು ಶಿಗ್ಗಾವಿಯ ಫ್ರಿಜ್ ರಿಪೇರಿ ಅಂಗಡಿಯಲ್ಲಿ. ಅಂಗಡಿಯವನು ಕೊಳವೆಯನ್ನು ಅಳೆಯುತ್ತಾ ಕೇಳಿದ:

“ಏನ್ ಇಳಸ್ತೀಪಾ?”

“ಗುಲಾಬ್ ನೀರ್ರಿ.”

“ಎಲ್ಲಾರೂ ಹಂಗ ಹೇಳ್ತಾರ.”

ನಾನು ನಗಲಿಲ್ಲ. ಅವನು ನಕ್ಕ. ಒಳಗೆ ಉಪ್ಪು ತುಂಬಿ ಬಗ್ಗಿಸಿದರೆ ಕೊಳವೆ ಮುರಿದಂತೆ ಮಡಚಿಕೊಳ್ಳುವುದಿಲ್ಲ ಎಂದು ಹೇಳಿಕೊಟ್ಟ. ಉಪ್ಪು ತುಂಬಿ ಒನಕೆಗೆ ಸುತ್ತಿದೆ, ಸುರುಳಿ ಚೆಂದವಾಗಿ ಬಂತು. ಆಮೇಲೆ ಉಪ್ಪನ್ನು ತೊಳೆದೆ. ಆದರೆ ಕೊಳವೆಯ ಒಳಗೆ ಮೊದಲಿನಿಂದ ಇದ್ದ ಎಣ್ಣೆ ಬರಿಯ ನೀರಿಗೆ ಹೋಗುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ. ಆ ಹನ್ನೊಂದು ಹನಿಗಳ ಕತೆ ಅದು.

ಎರಡನೆಯ ಸಲ ಬಿಸಿ ಸೋಡಾ ನೀರು, ಆಮೇಲೆ ಹುಣಸೆ ನೀರು ಹಾಕಿ ತೊಳೆದೆ. ಎಣ್ಣೆಯ ವಾಸನೆ ಹೋಯಿತು. ಮೊದಲ ಹನಿಗಳು ತಿಳಿ ಹಸಿರಾಗಿ ಬಂದವು. ತಾಮ್ರದ ಪಾತ್ರೆಯಲ್ಲಿ ಹುಳಿ ನಿಂತರೆ ಬರುವ ಕಿಲುಬು ಅದು. ಚಿಮುಕಿಸುವಾಗ ಅದು ಯಾರದಾದರೂ ಕಣ್ಣೊಳಗೆ ಬಿದ್ದರೆ ಏನಾದೀತು ಎಂದು ಯೋಚಿಸುತ್ತಾ ಅಂದು ಮಿಲ್ಲಿನಲ್ಲಿ ಒಂದು ಲಾರಿಯ ತೂಕವನ್ನು ಎರಡು ಸಲ ತಪ್ಪು ಬರೆದೆ. ಹುಣಸೆ ನೀರನ್ನು ಕೊಳವೆಯಲ್ಲಿ ರಾತ್ರಿಯಿಡೀ ಬಿಟ್ಟಿದ್ದೇ ತಪ್ಪಾಗಿತ್ತು. ಮೂರನೆಯ ಸಲ ಹೂವು ಹಾಕದೆ ಬರಿಯ ನೀರನ್ನೇ ಕುದಿಸಿ ಹಬೆಯಿಂದ ಕೊಳವೆ ತೊಳೆದೆ. ಹಸಿರು ನಿಂತಿತು. ಆದರೆ ಹನಿಗಳು ಹೆಚ್ಚಲಿಲ್ಲ. ಕೊಡದಲ್ಲಿ ನೀರು ಕೊತಕೊತ ಕುದಿಯುತ್ತಿತ್ತು, ಬಾಟಲಿಗೆ ಮಾತ್ರ ಏನೂ ಬರುತ್ತಿರಲಿಲ್ಲ.

ಬಕೆಟ್ಟಿಗೆ ಮಂಜುಗಡ್ಡೆ ಹಾಕಿದೆ. ಸುರುಳಿಯ ಇಳಿಜಾರನ್ನು ಸರಿ ಮಾಡಿದೆ. ಕೊಳವೆ ಕಟ್ಟಿಕೊಂಡಿದೆಯೇ ಎಂದು ತೆಗೆದು ಊದಿದೆ. ಕೊಡದೊಳಗೆ ಹಬೆ ಸಿಕ್ಕಿಕೊಂಡು ಮುಚ್ಚಳ ಹಾರಿದರೆ ಎಂಬ ಹೆದರಿಕೆಯಿಂದ ಅಕ್ಕನಿಗೆ ಹಿತ್ತಲಿಗೆ ಕಾಲಿಡಬೇಡ ಎಂದಿದ್ದೆ. ಒಲೆಯ ಹೊಗೆಯೂ ಅವಳಿಗೆ ಆಗುವುದಿಲ್ಲ. ನಾಲ್ಕನೆಯ ಸಲ ಬೆಂಕಿ ಸರಿಮಾಡಲು ಬಾಗಿದಾಗ ಮುಚ್ಚಳದ ಅಂಚಿನಿಂದ ಹಬೆಯ ಒಂದು ಎಳೆ ಬಂದು ಮಣಿಕಟ್ಟು ಸುಟ್ಟಿತು. ಆಗ ನೋಡಿದೆ. ಮುಚ್ಚಳದ ಸುತ್ತ ಮೆತ್ತಿದ್ದ ಹಿಟ್ಟು ಬೇಸಿಗೆಯ ಕೆರೆಯ ಮಣ್ಣಿನಂತೆ ಬಿರುಕು ಬಿಟ್ಟಿತ್ತು.

ವಿಡಿಯೊದಲ್ಲಿ ಹಿಟ್ಟು ಮೆತ್ತಿ ಎಂದಿದ್ದರು. ನಮ್ಮ ಮನೆಯಲ್ಲಿ ಹಿಟ್ಟು ಎಂದರೆ ಜೋಳದ ಹಿಟ್ಟು. ಡಬ್ಬಿ ತೆಗೆದು, ಅವ್ವ ರೊಟ್ಟಿಗೆ ಕಲಸುವ ಹಾಗೆಯೇ ಕುದಿಯುವ ನೀರು ಹಾಕಿ ನಾದಿ ಮೆತ್ತಿದ್ದೆ, ನಾಲ್ಕು ಸಲವೂ.

ಅವ್ವ ಸುಟ್ಟ ಕೈಗೆ ತಣ್ಣೀರು ಹಾಕುತ್ತಾ ನಕ್ಕಳು. “ಜ್ವಾಳದ ಹಿಟ್ಟಿಗೆ ಜಿಗಿ ಎಲ್ಲೈತೊ? ಚಪಾತಿ ಹಿಟ್ಟು ಹಚ್ಚಬೇಕಿಲ್ಲ? ರೊಟ್ಟಿ ಒಣಗಿ ಕಟಿಯಾಗತೈತಿ ಅನ್ನೂದು ನಿನಗ ಗೊತ್ತಿಲ್ಲೇನು, ದಿನಾ ತಿಂತಿ.”

ಅದರ ಮರುವಾರ ಗೋಧಿ ಹಿಟ್ಟು ಮೆತ್ತಿದೆ. ಹನಿಗಳು ದಾರವಾದವು. ಒಂದೂವರೆ ತಾಸಿನಲ್ಲಿ ಒಂದು ಬಾಟಲಿಗೆ ಸ್ವಲ್ಪ ಕಡಿಮೆ ನೀರು ಬಂತು, ಕನ್ನಡಿಯಂತೆ ತಿಳಿ. ಮೂಸಿದೆ. ಬೀಟ್‌ರೂಟ್ ಬೇಯಿಸಿದ ವಾಸನೆ. ಬಾಗಿಲಲ್ಲಿ ನಿಂತಿದ್ದ ಅಕ್ಕ, “ಗುಲಾಬಿ ಪಲ್ಲೆ ಮಾಡೀ ಏನೊ?” ಎಂದಳು.

ಬಾಟಲಿ ಮುಚ್ಚಿ ನಾಲ್ಕು ದಿನ ಬಿಟ್ಟು ತೆರೆದರೆ ಗುಲಾಬಿಯ ವಾಸನೆ ತಾನಾಗಿ ಮೇಲೆ ಬರುತ್ತದೆ ಎಂದು ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಅದು ಗೊತ್ತಾಗುವ ಮೊದಲೇ, ಎರಡನೆಯ ಕೊಡ ಇಳಿಯುತ್ತಿದ್ದ ಸಂತೆಯ ದಿನ, ಹುಡುಗನ ಸೋದರಮಾವ ಮಾಸೂರಿನಿಂದ ಬಂದರು. ಈ ಸಂಬಂಧ ಕೂಡಿಸಿದವರೇ ಅವರು. ಕೈಕಾಲು ತೊಳೆದುಕೊಳ್ಳಿರಿ ಎಂದು ಅವ್ವ ತಂಬಿಗೆ ಕೊಟ್ಟಳು. ನಮ್ಮಲ್ಲಿ ಕಾಲು ತೊಳೆಯುವುದು ಹಿತ್ತಲಿನಲ್ಲಿ. ಅದು ಅವಳಿಗೆ ನೆನಪಾಗುವಷ್ಟರಲ್ಲಿ ಅವರು ಒಲೆಯ ಮುಂದೆ ನಿಂತಿದ್ದರು.

“ಏನ್ ತಮ್ಮಾ, ಏನ್ ಇಳಸಾಕತ್ತೀ?”

“ಗುಲಾಬ್ ನೀರ್ರಿ ಮಾವಾರ.”

“ಗುಲಾಬ್ ನೀರು.” ಅವರು ಕೊಡ, ಕೊಳವೆ, ಬಕೆಟ್ಟು ಎಲ್ಲವನ್ನೂ ಒಂದೊಂದಾಗಿ ನೋಡಿದರು. “ಅಂಗಡ್ಯಾಗ ಸಿಗೂದಿಲ್ಲೇನು?”

ಸಿಗುತ್ತದೆ, ಆದರೆ ಅದು ಅಕ್ಕನಿಗೆ ಆಗುವುದಿಲ್ಲ ಎಂದರೆ ದಮ್ಮಿನ ಮಾತು ಹೊರಬೀಳುತ್ತದೆ. ಹೇಳದಿದ್ದರೆ ನಾನು ಕಳ್ಳಬಟ್ಟಿಯವನಾಗುತ್ತೇನೆ. ನಾನು ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಎಳೆದೆ. ಅವರು ಬಾಗಿ ಕೊಳವೆಯ ತುದಿಗೆ ಬೆರಳು ಒಡ್ಡಿ ಮೂಸಿದರು.

“ಗುಲಾಬಿ ವಾಸನಿ ಏನ್ ಬರವಲ್ದಪಾ.”

ಅವ್ವ ಓಡಿ ಬಂದಳು. “ಹುಡುಗ್ರದು ಏನಾರ ಒಂದು ಖಟಪಟಿ ಇರತೈತ್ರಿ. ಒಳಗ ಬರ್ರಿ, ಚಾ ಆತು.”

“ನಮ್ಮ ಕಡೆ ಒಬ್ಬಾಂವ ಹಿಂಗ ಖಟಪಟಿ ಮಾಡ್ತಿದ್ದ,” ಎಂದರು ಅವರು ಕಾಲು ತೊಳೆಯುತ್ತಾ. “ಈಗ ವಾರಕ್ಕೊಮ್ಮೆ ಸ್ಟೇಷನ್ನಿಗೆ ಹೋಗಿ ಸಹಿ ಮಾಡ್ತಾನ.”

ಒಳಗೆ ಅಪ್ಪ ಜಮಖಾನೆ ಹಾಸಿದ್ದ. ಅಕ್ಕ ಚಹಾ ತಂದಿಟ್ಟಳು. ಇಟ್ಟವಳು ಒಳಗೆ ಹೋಗಲಿಲ್ಲ.

“ಮಾವಾರ, ಅದು ಕುಡಿಯೂ ಸೆರೆ ಅಲ್ರಿ. ನನಗ ದಮ್ಮ ಐತಿ. ಅಂಗಡಿ ಗುಲಾಬ್ ನೀರು ಹತ್ತಂಗಿಲ್ಲ. ನಿಶ್ಚಯದ ದಿನಾನೂ ಬಂದಿತ್ತು. ಅದಕ್ಕ ತಮ್ಮ ಹೂವಿಂದ ಮಾಡಾಕತ್ತಾನ.”

ಅವ್ವ ಸೆರಗನ್ನು ಬಾಯಿಗೆ ಹಿಡಿದಳು. ಮಾವ ಬಸಿಗೆ ಸುರಿದುಕೊಂಡ ಚಹಾ ಕುಡಿದು ಮುಗಿಸಿದರು. ಆಮೇಲೆ ಅಪ್ಪನ ಕಡೆ ತಿರುಗಿ, “ಇದನ್ನ ಮೊದಲ ಯಾಕ ಹೇಳಲಿಲ್ರಿ?” ಎಂದರು.

“ಹೇಳಬೇಕಿತ್ರಿ,” ಎಂದ ಅಪ್ಪ.

“ನಾ ಹೇಳ್ತೇನಿ. ಬಟ್ಟಿದೂ ಹೇಳ್ತೇನಿ, ದಮ್ಮಿಂದೂ ಹೇಳ್ತೇನಿ. ಎರಡರಾಗ ಯಾವ್ದು ದೊಡ್ಡದು ಅಂತ ಅವರ ನೋಡ್ಕೊಳ್ಳಲಿ.”

ಆಮೇಲೆ ಮೂರು ದಿನ ಮಾಸೂರಿನಿಂದ ಫೋನ್ ಬರಲಿಲ್ಲ. ದಿನಾ ಸಂಜೆ ಅಕ್ಕನಿಗೆ ಫೋನ್ ಮಾಡುತ್ತಿದ್ದ ಹುಡುಗನೂ ಮಾಡಲಿಲ್ಲ. ನಾನು ಒಲೆ ಹಚ್ಚಲಿಲ್ಲ. ತಂದಿದ್ದ ಹೂವು ಬುಟ್ಟಿಯಲ್ಲಿಯೇ ಕಪ್ಪಾಯಿತು. ನನ್ನ ಕೊಡದಿಂದಾಗಿ ಅಕ್ಕನ ಮದುವೆ ನಿಲ್ಲುತ್ತದೆ ಎಂದು ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಯಾರೂ ನನ್ನನ್ನು ಬೈಯಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. ಅವ್ವ ಬೈದದ್ದು ಅಕ್ಕನಿಗೆ. “ನೀ ಯಾಕ ಬಾಯಿ ಬಿಟ್ಟಿ?”

“ಮದಿವಿ ಆದಮ್ಯಾಲೆ ದಮ್ಮ ಬಂದ್ರ ಏನ್ ಹೇಳ್ಲಿ, ನಿರಿಗಿ ಬಿಚ್ಚೈತಿ ಅಂತನಾ?” ಎಂದಳು ಅಕ್ಕ.

ನಾಲ್ಕನೆಯ ದಿನ ಹುಡುಗನ ತಾಯಿಯೇ ಫೋನ್ ಮಾಡಿದರು. ಎಲ್ಲರಿಗೂ ಕೇಳಲೆಂದು ಅಪ್ಪ ಸ್ಪೀಕರ್ ಹಾಕಿದ.

“ನಮ್ಮ ಮನಿಯಾವ್ರಿಗೂ ಹೊಟ್ಟಿನ ಧೂಳಿಗೆ ಕೆಮ್ಮು ಬರತೈತ್ರಿ. ಅದೇನ್ ದೊಡ್ಡದಲ್ಲ. ಮುಚ್ಚಿಟ್ರಿ, ಅದು ಮನಸ್ಸಿಗೆ ಸರಿ ಬರಲಿಲ್ಲ. ಇರಲಿ, ಹುಡುಗಿ ತಾನ ಹೇಳಿದ್ಲಂತ, ಚಲೋ ಆತು. ಈಗ ಒಂದ ಮಾತು. ನಿಮ್ಮ ಹುಡುಗ ಮಾಡಿದ ನೀರಿಂದ ಆಕಿಗೆ ಏನೂ ಆಗಂಗಿಲ್ಲ ಅಂತ ನಿಮಗ ಖಾತ್ರಿ ಐತೇನು? ಖಾತ್ರಿ ಇಲ್ಲದ ತರಬ್ಯಾಡ್ರಿ. ಗುಲಾಬದಾನಿ ಇಲ್ಲಂದ್ರ ನಮ್ಮ ಹಿರ್‍ಯಾರು ಗೊಣಗ್ತಾರ, ಅದೂ ಖರೆ.”

ಅಪ್ಪ ನನ್ನ ಮುಖ ನೋಡಿದ. ನನಗೆ ಖಾತ್ರಿ ಇರಲಿಲ್ಲ. “ನೋಡಿ ಹೇಳ್ತೇವ್ರಿ,” ಎಂದ ಅಪ್ಪ.

ಡಾಕ್ಟರನ್ನು ಮತ್ತೆ ಕೇಳಿದೆವು. ಹೊರಗೆ, ಸ್ವಲ್ಪವೇ, ಪಂಪು ಕೈಯಲ್ಲಿ ಹಿಡಿದು ನೋಡಿ ಎಂದರು. ಮಾರ್ಚ್ ಮೊದಲ ಭಾನುವಾರ ಅಂಗಳದಲ್ಲಿ ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿ, ಗುಲಾಬದಾನಿಯಿಂದ ಅವಳ ಸೆರಗಿಗೆ ಎರಡು ಸಲ ಚಿಮುಕಿಸಿದೆ. ಆ ಹೊತ್ತಿಗೆ ನೀರಿಗೆ ಒಳ್ಳೆಯ ವಾಸನೆ ಬಂದಿತ್ತು. ನಾನು ಅವಳ ಎದೆಯ ಏರಿಳಿತವನ್ನೇ ನೋಡುತ್ತಾ ನಿಂತೆ.

“ಹಂಗ ನೋಡಬ್ಯಾಡೊ, ನಿನ್ನ ಮುಖ ನೋಡಿನ ದಮ್ಮ ಬರತೈತಿ,” ಎಂದಳು. ಅರ್ಧ ತಾಸು ಏನೂ ಆಗಲಿಲ್ಲ. ಅವ್ವ ಸಕ್ಕರೆ ಹಂಚಿದಳು.

ಆದರೆ ಮದುವೆ ನಡೆಯುವ ಹಿರೇಕೆರೂರಿನ ಕಲ್ಯಾಣಮಂಟಪಕ್ಕೆ ಕಿಟಕಿ ಕಡಿಮೆ. ಮರುವಾರ ಒಳಗಿನ ಕೋಣೆಯಲ್ಲಿ, ಬಾಗಿಲು ಅರ್ಧ ತೆರೆದು, ಇನ್ನೊಂದು ಸಲ ನೋಡಿದೆವು. ಐದು ನಿಮಿಷಕ್ಕೆ ಅಕ್ಕ ಕೆಮ್ಮಿದಳು. ಎರಡೇ ಸಲ, ಒಣ ಕೆಮ್ಮು. ಸಿಳ್ಳೆ ಬರಲಿಲ್ಲ, ಪಂಪು ಬೇಕಾಗಲಿಲ್ಲ. ಆದರೂ ನಾನು ತಕ್ಷಣ ಅವಳನ್ನು ಹೊರಗೆ ಕರೆತಂದೆ. ಒಲೆಯ ಮುಂದಿನಿಂದ ಎದ್ದು ಬಂದಿದ್ದೆ, ನನ್ನ ಅಂಗಿಯೆಲ್ಲ ಹೊಗೆಯ ವಾಸನೆ. ಕೆಮ್ಮು ಹೊಗೆಯದು ಎಂದು ಅಕ್ಕ ಹೇಳುತ್ತಾಳೆ. ಅಪ್ಪ ಹೌದೆನ್ನುತ್ತಾನೆ. ಅಲ್ಲದೆ ಅಂದು ಚಿಮುಕಿಸಿದ ಪನ್ನೀರು, ಕೊಡದಲ್ಲಿ ನೀರು ಕಡಿಮೆಯಾಗಿ ಪಕಳೆ ತಳ ಹಿಡಿಯುವವರೆಗೆ ಇಳಿಸಿದ್ದು. ಕೊನೆಗೆ ಬಂದದ್ದನ್ನೂ ಬೇರೆ ಮಾಡದೆ ಕೂಡಿಸಿದ್ದೆ. ಅದರಿಂದ ಆಯಿತೋ, ನನ್ನ ಅಂಗಿಯಿಂದಲೋ, ಗುಲಾಬಿಯಿಂದಲೋ ನನಗೆ ಗೊತ್ತಾಗುತ್ತಿಲ್ಲ. ಇನ್ನೊಮ್ಮೆ ಅವಳ ಮೇಲೆ ಪರೀಕ್ಷೆ ಮಾಡಲು ಧೈರ್ಯವಿಲ್ಲ. ಮಾಸೂರಿನವರಿಗೆ ಇನ್ನೂ ಏನೂ ಹೇಳಿಲ್ಲ.

ಆದ್ದರಿಂದ ಇದನ್ನು ಬರೆದೆ. ಓದುವವರಲ್ಲಿ ಹೂವಿನ ನೀರು ಇಳಿಸಿ ಬಲ್ಲವರು ಇದ್ದರೆ, ಎಷ್ಟು ಇಳಿದ ಮೇಲೆ ನಿಲ್ಲಿಸಬೇಕು, ಕೊನೆಯ ನೀರು ಎದೆಗೆ ಕೆಟ್ಟದ್ದೇ, ತಾಮ್ರದ ಕೊಳವೆಯನ್ನು ಪ್ರತಿ ಸಲ ಯಾವುದರಿಂದ ತೊಳೆಯಬೇಕು ಎಂಬುದನ್ನು ಈ ಪತ್ರಿಕೆಗೆ ಬರೆದು ತಿಳಿಸಿ. ದಮ್ಮಿನ ರೋಗಿಗಳನ್ನು ನೋಡುವ ಡಾಕ್ಟರರೂ, ದಮ್ಮು ಇದ್ದೇ ಮದುವೆಯಾದ ಅಕ್ಕಂದಿರೂ ಬರೆಯಿರಿ. ಪನ್ನೀರು ಬೇಡವೇ ಬೇಡ ಎನ್ನುವುದಾದರೆ ಹಾಗೆಯೇ ಬರೆಯಿರಿ. ಬರಿಯ ನೀರು ತುಂಬುತ್ತೇನೆ, ಗೊಣಗುವವರಿಗೆ ನಾನೇ ಉತ್ತರ ಕೊಡುತ್ತೇನೆ. ಏಪ್ರಿಲ್ ಮುಗಿಯುವುದರೊಳಗೆ ಬರೆದರೆ ಸಾಕು.