ನಾಲ್ಕನೇ ನಳಿಕೆಯ ಮಣ್ಣು

ಜರ್ಮನಿಗೆ ಬಂದ ಮೊದಲ ಶನಿವಾರ ಮನೆಯೊಡತಿ ನನ್ನ ಕೈಗೆ ಒದ್ದೆ ಬಟ್ಟೆ ಕೊಟ್ಟು, “ಬೋಡೆನ್ ಒರೆಸಿ” ಎಂದಳು. ಕಂಗಾಲಾದೆ. ಬೋಡೆನ್ ಎಂದರೆ ಮಣ್ಣು. ಅದನ್ನು ಓದಲೆಂದೇ ತಾವರಗೇರಾದಿಂದ ಇಷ್ಟು ದೂರ ಬಂದವನು ನಾನು. ಮಣ್ಣನ್ನು ಒರೆಸುವುದು ಹೇಗೆ? ಅವಳು ಕಾಲಿನಿಂದ ನೆಲ ತಟ್ಟಿ ತೋರಿಸಿದಳು. ಇಲ್ಲಿ ನೆಲಕ್ಕೂ ಮಣ್ಣಿಗೂ ಒಂದೇ ಮಾತು.

ನಮ್ಮಲ್ಲಿ ಹೂಳುವುದಕ್ಕೂ ಮಣ್ಣು ಎನ್ನುತ್ತಾರೆ. “ಮಣ್ಣಿಗೆ ಹೋಗಿದ್ದೆ” ಎಂದರೆ ಯಾರೂ ಹೊಲಕ್ಕೆ ಎಂದುಕೊಳ್ಳುವುದಿಲ್ಲ. ಹೋದವರು ಕುಣಿಗೆ ಒಂದೊಂದು ಹಿಡಿ ಹಾಕುತ್ತಾರೆ; ಅದು ಮಣ್ಣು ಕೊಡುವುದು. ಎರಡನೇ ಚಳಿಗಾಲದಲ್ಲಿ ಅವ್ವ ತೀರಿಕೊಂಡ ತಂತಿ ಬಂತು. ಮಣ್ಣಿನ ಹೊತ್ತಿಗೆ ಹೋಗಿ ಮುಟ್ಟಲು ಆಗುತ್ತಿರಲಿಲ್ಲ, ನಿಜ. ಆಮೇಲಾದರೂ ಹೋಗಬಹುದಿತ್ತು. ಲ್ಯಾಬಿನ ಯಂತ್ರದ ಮೇಲೆ ನನ್ನ ಸರದಿ ಬಂದಿತ್ತು, ಹೋಗಲಿಲ್ಲ. ಆರು ತಿಂಗಳ ಮೇಲೆ ಅಕ್ಕನಿಗೆ ಬರೆದೆ: ಸ್ವಲ್ಪ ಮಣ್ಣು ಕಳಿಸು. ಬೇಕಿದ್ದದ್ದು ಲ್ಯಾಬಿಗೆ, ಹೊಲದ ಮಣ್ಣು. ಅದನ್ನು ಬರೆಯಲಿಲ್ಲ.

ನನ್ನ ಕೆಲಸ ಮಣ್ಣಿನ ಕಪ್ಪಿನ ಮೇಲೆ. ಎಲೆ, ಬೇರು ಕೊಳೆತು ಉಳಿಯುವ ಆ ಕಪ್ಪಿನಲ್ಲಿ ಜೊತೆ ಸಿಗದ ಇಲೆಕ್ಟ್ರಾನುಗಳು ವರ್ಷಗಟ್ಟಲೆ ಹಾಗೇ ಇರುತ್ತವೆ. ಅಂಥವು ಇರುವ ಅಣುವಿಗೆ ಮುಕ್ತ ರ‍್ಯಾಡಿಕಲ್ ಎನ್ನುತ್ತಾರೆ. ಮಣ್ಣನ್ನು ಕ್ಷಾರದಲ್ಲಿ ನೆನೆಸಿ, ಬಸಿದ ನೀರಿಗೆ ಆಮ್ಲ ಹನಿಸಿದರೆ ಕಪ್ಪು ತಳಕ್ಕಿಳಿಯುತ್ತದೆ. ಅದನ್ನು ಒಣಗಿಸಿ, ಗಾಜಿನ ನಳಿಕೆಯಲ್ಲಿ ತುಂಬಿ, ದೊಡ್ಡ ಅಯಸ್ಕಾಂತದ ನಡುವೆ ಇಟ್ಟು ಮೈಕ್ರೋವೇವ್ ಹಾಯಿಸಿದರೆ, ಯಂತ್ರದ ಪೆನ್ನು ಆ ಒಂಟಿ ಇಲೆಕ್ಟ್ರಾನುಗಳ ಗುರುತಾಗಿ ಕಾಗದದ ಮೇಲೆ ಏರಿಳಿಯುವ ಗೆರೆ ಎಳೆಯುತ್ತದೆ.

ಬಟ್ಟೆಯಲ್ಲಿ ಕಟ್ಟಿದ ಮಣ್ಣಿನ ಗಂಟು ಬಂತು. ಜೊತೆಗೆ ಅಕ್ಕನ ಪತ್ರ: “ತಮ್ಮಾ, ಮಣ್ಣು ಕೇಳಿದೆಲ್ಲ, ಓದಿ ಅತ್ತುಬಿಟ್ಟೆ. ಅವ್ವನ ಕುಣಿ ಮ್ಯಾಲಿಂದು ಕಳಿಸೀನಿ. ನಿನ್ನ ಕೈಲೆ ಅಲ್ಲೇ ಒಂದು ಹಿಡಿ ಮಣ್ಣು ಕೊಡು.”

ಪತ್ರ ಓದುವ ಮೊದಲೇ ಮಣ್ಣು ಕ್ಷಾರಕ್ಕೆ ಬಿದ್ದಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಈ ಬರಹದ ಮೊದಲ ಕರಡಿನಲ್ಲೂ ಹಾಗೇ ಬರೆದಿದ್ದೆ. ಹೊರಗೆ ಹಿಮ ಬೀಳುತ್ತಿತ್ತೆಂದೂ ಸೇರಿಸಿದ್ದೆ. ಎರಡನ್ನೂ ಹೊಡೆದು ಹಾಕಿದ್ದೇನೆ. ಲ್ಯಾಬಿನ ಪುಸ್ತಕದಲ್ಲಿ ನನ್ನದೇ ಅಕ್ಷರವಿದೆ: ‘ನಮೂನೆ ನಾಲ್ಕು. ಬೂದಿಯ ಚೂರು ಹೆಕ್ಕಿ ತೆಗೆದು ತೂಗಿದೆ.’ ಅದು ವಿಭೂತಿ, ನಮ್ಮಲ್ಲಿ ಕುಣಿಗೆ ಹಾಕುವುದು. ಹೊಲದ ಮಣ್ಣಿನಲ್ಲಿ ವಿಭೂತಿ ಇರುವುದಿಲ್ಲ. ಗೊತ್ತಿದ್ದೇ ಹೆಕ್ಕಿದೆ.

ಗೆರೆ ಚೆನ್ನಾಗಿ ಬಂತು. ಪ್ರೊಫೆಸರರು ಕಾಗದ ಹಿಡಿದು, “ಒಳ್ಳೆಯ ಮಣ್ಣು, ಎಲ್ಲಿಯದು?” ಎಂದರು.

“ನಮ್ಮ ಹೊಲದ್ದು” ಎಂದೆ.

ಮುಂದಿನ ವರ್ಷ ಊರಿಗೆ ಹೋದಾಗ ಅಕ್ಕನ ಗಂಡ ನಕ್ಕರು: “ಸಾಹೇಬ್ರು ಅಲ್ಲಿ ನೆಲಾ ಒರಸ್ತಾರಂತ! ಇಲ್ಲಿ ಉಂಡ ತಾಟು ಎತ್ತಿದಾಂವ ಅಲ್ಲ.”

ಅಕ್ಕ ನಗಲಿಲ್ಲ. “ಮಣ್ಣು ಕೊಟ್ಟೀಯೇನೋ ತಮ್ಮಾ?”

“ಕೊಟ್ಟೆ.”

“ಎಲ್ಲಿ?”

“ಹೊಳಿ ದಂಡ್ಯಾಗ. ಒಂದು ಗಿಡದ ಬುಡಕ್ಕ.”

“ಛಲೋ ಆತು. ಅವ್ವ ಅಲ್ಲೂ ಅದಾಳ ಅಂದಂಗಾತು” ಎಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ.

ನಾಲ್ಕನೇ ನಳಿಕೆ ಇನ್ನೂ ಲ್ಯಾಬಿನ ಕಪಾಟಿನಲ್ಲಿದೆ. ಮೊನ್ನೆ ಮತ್ತೆ ಯಂತ್ರಕ್ಕಿಟ್ಟೆ. ಗೆರೆ ಹಾಗೇ ಬಂತು. ಶನಿವಾರ ಮಂಡಿಯೂರಿ ಬೋಡೆನ್ ಒರೆಸುತ್ತೇನೆ. ಈ ಊರಿನ ಹೊಳೆ ಇಲ್ಲಿಂದ ಹತ್ತು ನಿಮಿಷದ ದಾರಿ.

ಇದು ಅಚ್ಚಾದರೆ ಅಕ್ಕ ಓದುತ್ತಾಳೆ. ಅಕ್ಕಾ, ನಾ ಇನ್ನೂ ಮಣ್ಣು ಕೊಟ್ಟಿಲ್ಲ.