ಅವ್ವ ಅಂಟಿಸಿದ ಚೀಟಿ

ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ನಾನು ಹದಿನೆಂಟು ವರ್ಷ ಸೇಫ್ಟಿ ಆಫೀಸರ್ ಆಗಿದ್ದೆ. ತಿಂಗಳಿಗೊಮ್ಮೆ ಸೈರನ್ ಹಾಕಿಸಿ, ಗೇಟಿನ ಬಳಿಯ ಬೇವಿನ ಮರದ ಕೆಳಗೆ ಎಲ್ಲರನ್ನೂ ಓಡಿಸಿ ನಿಲ್ಲಿಸುವುದು ನನ್ನ ಕೆಲಸ. ನಗುತ್ತ ನಡೆದು ಬಂದವರನ್ನು ಬೈದು ಮತ್ತೊಮ್ಮೆ ಓಡಿಸುತ್ತಿದ್ದೆ. ಗಾಬರಿಯಲ್ಲಿ ತಲೆ ಓಡುವುದಿಲ್ಲ, ಮೊದಲೇ ರೂಢಿ ಇರಬೇಕು ಎಂದು ಅಚ್ಚ ತೆಲುಗಿನಲ್ಲಿ ಭಾಷಣ ಬೇರೆ. ಈ ಬುದ್ಧಿಯೆಲ್ಲ ಕಾರ್ಖಾನೆಯ ಗೇಟಿನೊಳಗೆ ಮಾತ್ರ.

ಅವ್ವನಿಗೆ ಒಮ್ಮೆ ಎದೆನೋವು ಬಂದು ಹೋಗಿತ್ತು. ಆಸ್ಪತ್ರೆಯಿಂದ ಬಂದ ಮರುದಿನವೇ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ನಾಲಿಗೆ ಕೆಳಗೆ ಇಡುವ ಗುಳಿಗೆ ಸಕ್ಕರೆ ಡಬ್ಬಿಯ ಹಿಂದೆ ಇದೆ ಎಂದು ಮೊದಲ ಸಾಲು. ಅದರ ಕೆಳಗೆ ಆಂಬುಲೆನ್ಸಿನವರಿಗೆ ಹೇಳಬೇಕಾದ ನಮ್ಮ ವಿಳಾಸ. ಮಾತು ತೆಲುಗು, ಅಕ್ಷರ ಕನ್ನಡ. ಕಲಬುರಗಿಯಿಂದ ಮದುವೆಯಾಗಿ ಬಂದವಳು ತೆಲುಗನ್ನು ಕಲಿತದ್ದು ತರಕಾರಿ ಗಾಡಿಯವಳ ಹತ್ತಿರ ಚೌಕಾಸಿ ಮಾಡಿ.

ಯುಗಾದಿಗೆ ನೆಂಟರು ಬರುವವರಿದ್ದರು. ಸಾವುನೋವಿನ ಮಾತು ಬಂದರೆ ಸಾಕು, ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುವ ಮನೆ ನಮ್ಮದು. ನಾನೇ ಚೀಟಿ ಕಿತ್ತೆ.

‘ಹಬ್ಬದಾಗ ಇದೇನಬೇ ಅಪಶಕುನ? ಬಿಡ್ತು ಅನ್ನು. ನಾ ಇಲ್ಲೇನು? ನೂರು ಮಂದಿಗೆ ಕಲಿಸಾಂವ!’

‘ನೀ ಇರ್ತೀಯಪ್ಪಾ, ನಿನ್ನ ತಲಿ ಇರಬೇಕಲ್ಲ,’ ಅಂದಳು. ‘ಹರಿದು ಒಗಿಯೂಕಿಂತ ಮೊದಲ ಒಂದ್ ಸಲ ಓದರ ಓದು.’

ನಾನು ಓದಲಿಲ್ಲ, ಮಡಚಿ ಡ್ರಾಯರಿಗೆ ತುರುಕಿದೆ.

ಮೂರು ತಿಂಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಶೇಂಗಾ ಹುರಿಯುತ್ತಿದ್ದವಳು ಒಲೆ ಆರಿಸಿ ನೆಲಕ್ಕೆ ಕೂತಳು. ಮನೆಯಲ್ಲಿ ನಾವಿಬ್ಬರೇ. ಗುಳಿಗೆಗಾಗಿ ದೇವರ ಗೂಡು, ಅವಳ ಚೀಲ, ದಿಂಬಿನ ಕೆಳಗೆ ಎಲ್ಲ ಕೆದಕಿದೆ. ಅವಳು ಅಡುಗೆ ಕಟ್ಟೆಯ ಕಡೆ ಕೈ ಮಾಡಿದಳು. ದಡ್ಡ ನಾನು, ನೀರು ತಂದುಕೊಟ್ಟೆ.

ಆಂಬುಲೆನ್ಸಿಗೆ ಫೋನ್ ಮಾಡಿದರೆ, ಹುಟ್ಟಿದಾಗಿನಿಂದ ಹೊರಗೆಲ್ಲ ಆಡಿಕೊಂಡು ಬಂದ ತೆಲುಗು ಒಂದಕ್ಷರ ಬಾಯಿಗೆ ಬರಲಿಲ್ಲ. ‘ನಮ್ಮವ್ವಗ ಭಾಳ ಆಗೇತ್ರಿ, ಲಗೂ ಬರ್ರಿ, ನಮ್ಮ ಮನಿಗೆ ಬರ್ರಿ’ ಎಂದು ಕನ್ನಡದಲ್ಲೇ ಕೂಗುತ್ತಿದ್ದೆ. ಆ ಕಡೆಯ ಹುಡುಗಿ ಪಾಪ, ‘ಎಕ್ಕಡ ಸಾರ್, ಎಕ್ಕಡ?’ ಎಂದು ಎಲ್ಲಿಗೆ ಬರಬೇಕೆಂದು ಕೇಳುತ್ತಲೇ ಇದ್ದಳು.

ಅವ್ವ ಕೈ ಚಾಚಿ ಫೋನು ಇಸಿದುಕೊಂಡಳು. ತಡೆದು ತಡೆದು ಬರುತ್ತಿದ್ದ ಉಸಿರಿನಲ್ಲಿ ಬೀದಿ, ಗುಡಿ, ಹಸಿರು ಗೇಟು, ಎರಡನೇ ಮಹಡಿ, ಎಲ್ಲ ತೆಲುಗಿನಲ್ಲಿ ಒಂದೂ ತಪ್ಪದೆ ಹೇಳಿದಳು. ಫೋನು ನನ್ನ ಕೈಗಿಟ್ಟು ಗೋಡೆಗೆ ಒರಗಿದಳು. ಗಾಡಿ ಬಂತು. ಅಷ್ಟರಲ್ಲಿ ಅವಳು ಹೋಗಿದ್ದಳು.

ಚೀಟಿಯನ್ನು ಆಮೇಲೆ ತೆಗೆದು ಓದಿದೆ. ಗುಳಿಗೆ ಸಕ್ಕರೆ ಡಬ್ಬಿಯ ಹಿಂದೆಯೇ ಇತ್ತು. ಕೊಟ್ಟಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬಂದಿಲ್ಲ.

ಅವ್ವ ಕಡೆಗೆ ಏನಂದಳು ಎಂದು ಅಕ್ಕ ಇವತ್ತಿಗೂ ಕೇಳುತ್ತಾಳೆ. ದೇವರ ಹೆಸರು ಹೇಳಿದಳು ಎಂದು ಸುಳ್ಳು ಹೇಳುತ್ತೇನೆ. ಅವಳು ಹೇಳಿದ್ದು ನಮ್ಮ ಮನೆಯ ವಿಳಾಸ. ಅದನ್ನು ನಾನು ಹೇಳಬೇಕಾಗಿತ್ತು.